ಗೇಜ್ ಹಾಕುವ ಮುನ್ನ: ಎಸಿ ಮತ್ತು ರೆಫ್ರಿಜರೇಶನ್ ಕೆಲಸದ ಸಲಕರಣೆ, ಅಭ್ಯಾಸ

ಪ್ರಶ್ನೆ: ಓದು ಮುಗಿಸಿ ಎಸಿ ಮತ್ತು ರೆಫ್ರಿಜರೇಶನ್ ಸರ್ವಿಸ್ ಕೆಲಸಕ್ಕೆ ಸೇರಿದ್ದೇನೆ. ಸ್ಪ್ಲಿಟ್ ಎಸಿಯಿಂದ ಸಣ್ಣ ಕೋಲ್ಡ್ ರೂಮ್‌ವರೆಗೆ ಎಲ್ಲವೂ ಬರುತ್ತವೆ. ಸೀನಿಯರ್‌ಗಳು ಸಕ್ಷನ್ ಪೈಪ್ (ಕಂಪ್ರೆಸರಿಗೆ ತಣ್ಣನೆಯ ಗ್ಯಾಸ್ ಮರಳುವ ಪೈಪ್) ಮುಟ್ಟಿ ನೋಡಿಯೇ ‘ಗ್ಯಾಸ್ ಕಮ್ಮಿ’ ಅನ್ನುತ್ತಾರೆ. ವ್ಯಾಕ್ಯೂಮ್‌ಗೆ (ಗ್ಯಾಸ್ ತುಂಬುವ ಮೊದಲು ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವುದಕ್ಕೆ) ಇಪ್ಪತ್ತು ನಿಮಿಷ ಸಾಕು ಅನ್ನುತ್ತಾರೆ. ಓದಿದ್ದಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲ. ಸ್ವಂತಕ್ಕೆ ಸಲಕರಣೆ ಕೊಳ್ಳಬೇಕೆಂದಿದ್ದೇನೆ, ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಶಕ್ತಿಯಿಲ್ಲ. ಯಾವುದು ಮೊದಲು? ಡಿಜಿಟಲ್ ಮ್ಯಾನಿಫೋಲ್ಡ್ (ಒತ್ತಡ ಅಳೆಯುವ ಗೇಜ್ ಮತ್ತು ಹೋಸ್‌ಗಳ ಸೆಟ್) ಬೇಕೇ ಬೇಕೆ? ಯಾವ ಅಭ್ಯಾಸಗಳನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು?

ಉತ್ತರ: ಮ್ಯಾನಿಫೋಲ್ಡ್ ಮೊದಲು ಬೇಡ. ಈ ಕೆಲಸಕ್ಕೆ ಬಂದವರೆಲ್ಲ ಮೊದಲು ಕೊಳ್ಳುವುದು ಅದನ್ನೇ, ಸೈಟಿಗೆ ಹೋದೊಡನೆ ಮೊದಲು ಸಿಕ್ಕಿಸುವುದೂ ಅದನ್ನೇ. ಬಹಳಷ್ಟು ತಪ್ಪು ರಿಪೇರಿಗಳು ಶುರುವಾಗುವುದು ಅಲ್ಲಿಂದ.

ರೆಫ್ರಿಜರೆಂಟ್ ಓಡಾಡುವ ಸರ್ಕ್ಯೂಟ್ ಪೂರ್ತಿ ಮುಚ್ಚಿದ್ದು. ಅದರೊಳಗಿನ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಹಳತಾಗಿ ಸವೆಯುವುದೂ ಇಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಮೊದಲ ಸಲ ಹಾಕಿದವರೇ ಕಮ್ಮಿ ಹಾಕಿದ್ದಾರೆ, ಅಥವಾ ಪ್ರತಿ ಸರ್ವಿಸಿಗೂ ಗೇಜ್ ಹಾಕಿ ತೆಗೆದವರು ಹೋಸ್‌ನಲ್ಲಿ ಒಂದಿಷ್ಟು ಹೊತ್ತೊಯ್ದಿದ್ದಾರೆ. ಒಂದೂವರೆ ಮೀಟರ್ ಉದ್ದದ ಸಾಮಾನ್ಯ 1/4 ಇಂಚಿನ ಹೋಸ್‌ನಲ್ಲಿ ದ್ರವ ತುಂಬಿಕೊಂಡರೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ದೊಡ್ಡ ಪ್ಯಾಕೇಜ್ ಯೂನಿಟ್ಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಮನೆಯ ಆರ್-600ಎ (ಐಸೊಬ್ಯೂಟೇನ್ ರೆಫ್ರಿಜರೆಂಟ್) ಫ್ರಿಡ್ಜಿನಲ್ಲಿರುವ ಗ್ಯಾಸ್ ಸಾಮಾನ್ಯವಾಗಿ 100 ಗ್ರಾಂ ಕೂಡ ಇರುವುದಿಲ್ಲ; ಅಲ್ಲಿ ‘ಸುಮ್ಮನೆ ಪ್ರೆಶರ್ ನೋಡಿದೆ’ ಅನ್ನುವುದೇ ಒಂದು ರಿಪೇರಿಗೆ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ನಿಮಗೆ ಹೇಳುವ ಮುಖ್ಯ ಮಾತು ಇಷ್ಟು: ಸರ್ಕ್ಯೂಟನ್ನು ತೆರೆಯದೆ ತಿಳಿಯಬಹುದಾದ್ದನ್ನೆಲ್ಲ ತಿಳಿದ ಮೇಲೆಯೇ ತೆರೆಯಿರಿ, ತೆರೆದ ಮೇಲೆ ಅರ್ಧಂಬರ್ಧ ಕೆಲಸ ಮಾಡಿ ಮುಚ್ಚಬೇಡಿ. ಯಾವ ಸಲಕರಣೆ ಮೊದಲು ಅನ್ನುವುದೂ ಇದರಿಂದಲೇ ತೀರ್ಮಾನವಾಗುತ್ತದೆ.

ಎರಡು ಬ್ಯಾಗ್ ಇಟ್ಟುಕೊಳ್ಳಿ. ಮೊದಲನೆಯದು ನೋಡುವ, ಅಳೆಯುವ ಬ್ಯಾಗ್. ಎರಡನೆಯದು ಸರ್ಕ್ಯೂಟ್ ತೆರೆಯುವ ಬ್ಯಾಗ್, ಅದು ಗಾಡಿಯಲ್ಲೇ ಇರಲಿ. ಮತ್ತೆ ಕೆಳಗಿಳಿದು ಹೋಗಿ ತರಬೇಕಲ್ಲ ಅನ್ನುವ ಸೋಮಾರಿತನವೇ ಇಲ್ಲಿ ನಿಮಗೆ ಉಪಕಾರ ಮಾಡುತ್ತದೆ: ಗೇಜ್ ಕೈಗೆ ಸಿಗದಿದ್ದಾಗ ತಲೆ ಕೆಲಸ ಮಾಡುತ್ತದೆ.

ಮೊದಲ ಬ್ಯಾಗಿನಲ್ಲಿ ಒಳ್ಳೆಯ ಕ್ಲಾಂಪ್ ಮೀಟರ್, ಪೈಪಿಗೆ ಕಚ್ಚಿ ಕೂರುವ ಎರಡು ಕ್ಲಾಂಪ್ ಥರ್ಮಾಮೀಟರ್, ಗಾಳಿಯ ಉಷ್ಣತೆ ಮತ್ತು ತೇವಾಂಶ ತೋರಿಸುವ ಒಂದು ಮಾಪಕ, ಇನ್ಸುಲೇಟೆಡ್ ಸ್ಕ್ರೂಡ್ರೈವರ್‌ಗಳು, ನಟ್ ಡ್ರೈವರ್, ಹೆಡ್‌ಲ್ಯಾಂಪ್, ಹಲ್ಲು ನೋಡುವಂಥ ಸಣ್ಣ ಕನ್ನಡಿ, ಫಿನ್ ಬಾಚಣಿಗೆ, ಮಾರ್ಕರ್, ನೋಟ್‌ಬುಕ್. ಸರ್ವಿಸ್ ವಾಲ್ವ್‌ಗೆ ಹಾಕುವ ರಬ್ಬರ್ ವಾಷರ್ ಇರುವ ಕ್ಯಾಪ್‌ಗಳು ಒಂದು ಹಿಡಿ. ಕಳೆದುಹೋದ ಕ್ಯಾಪ್‌ನ ಜಾಗದಲ್ಲಿ ನಿಧಾನಕ್ಕೆ ಸೋರುವ ಯೂನಿಟ್‌ಗಳು ಎಷ್ಟಿವೆ ಅನ್ನುವುದನ್ನು ಕೆಲಸಕ್ಕೆ ಇಳಿದ ಮೇಲೆ ನೀವೇ ಕಾಣುತ್ತೀರಿ. ಒಳಗಿನ ಪಿನ್ ವಾಲ್ವ್ ತಡೆಯುವುದು ಅಷ್ಟಕ್ಕಷ್ಟೆ, ನಿಜವಾದ ಸೀಲ್ ಮೇಲಿನ ಕ್ಯಾಪ್.

ಗನ್ನಿನಂತೆ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಗ್ಗೆ ಎಚ್ಚರ. ಗೋಡೆ, ಡಿಫ್ಯೂಸರ್, ಸ್ವಿಚ್‌ಬೋರ್ಡಿನ ಬಿಸಿ ಕನೆಕ್ಷನ್ ನೋಡಲು ಅದು ಸರಿ. ಹೊಳೆಯುವ ತಾಮ್ರದ ಪೈಪಿನ ಮೇಲೆ ಅದು ಸುಳ್ಳು ಹೇಳುತ್ತದೆ. ಪಾಲಿಶ್ ಆದ ತಾಮ್ರ ತನ್ನ ಶಾಖವನ್ನು ಬಹಳ ಕಮ್ಮಿ ಹೊರಸೂಸಿ ಸುತ್ತಲಿನದನ್ನು ಪ್ರತಿಫಲಿಸುತ್ತದೆ, ಹಾಗಾಗಿ ನೀವು ಓದುವುದು ಪೈಪನ್ನಲ್ಲ, ಅದರೆದುರು ನಿಂತ ನಿಮ್ಮನ್ನೇ. ಬೇಕೇಬೇಕೆಂದರೆ ಪೈಪಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ, ಕೊಂಚ ಕಾದು, ಆ ಟೇಪಿನ ಮೇಲೆ ಓದಿ.

ಇಷ್ಟು ಹಿಡಿದು ಹೋದವರು ಮಾಡಬೇಕಾದ ಮೊದಲ ಕೆಲಸ ಕೇಳುವುದು. ಯಾವಾಗಿನಿಂದ ಹೀಗೆ? ಒಮ್ಮೆಗೇ ನಿಂತಿತೋ, ನಿಧಾನಕ್ಕೆ ಸೊರಗಿತೋ? ಇದಕ್ಕೆ ಮುಂಚೆ ಯಾರು, ಏನು ಮಾಡಿದರು? ಆಮೇಲೆ ಗಾಳಿಯ ದಾರಿ ನೋಡಿ. ಫಿಲ್ಟರ್, ಇಂಡೋರ್ ಕಾಯಿಲ್, ಬ್ಲೋವರ್ ಎಲೆಗಳ ಮೇಲಿನ ಧೂಳು, ಔಟ್‌ಡೋರ್ ಕಾಯಿಲಿನ ಹಿಂಭಾಗ, ಬಿಸಿಗಾಳಿ ಸುತ್ತಿ ಮತ್ತೆ ಒಳಕ್ಕೇ ಹೋಗುತ್ತಿದೆಯೇ ಅನ್ನುವುದು. ‘ಗ್ಯಾಸ್ ಕಮ್ಮಿ’ ಅನ್ನಿಸಿಕೊಂಡ ಎಷ್ಟೋ ಯೂನಿಟ್‌ಗಳಿಗೆ ಬೇಕಿದ್ದದ್ದು ನೀರು ಮತ್ತು ಬ್ರಶ್. ಕಂಡೆನ್ಸರ್ (ಔಟ್‌ಡೋರ್ ಕಾಯಿಲ್) ತೊಳೆಯುವಾಗ ಗಾಳಿ ಯಾವ ಕಡೆಯಿಂದ ಒಳಹೋಗುತ್ತದೋ ಅದರ ಎದುರು ದಿಕ್ಕಿನಿಂದ ನೀರು ಹಾಯಿಸಿ. ಹೊರಗಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಕೂರುತ್ತದೆ. ಪ್ರೆಶರ್ ವಾಶರ್ ಹತ್ತಿರ ಹಿಡಿದರೆ ಫಿನ್ ಮಡಚಿ ಹೋಗುತ್ತವೆ.

ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಉಷ್ಣತೆಯಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು ಅನ್ನುವ ಲೆಕ್ಕವನ್ನು ಕೇಳಿರುತ್ತೀರಿ. ಅದನ್ನು ಬಳಸಿ, ಆದರೆ ಜೊತೆಗೆ ತೇವಾಂಶವನ್ನೂ ನೋಡಿ. ಜಿಗುಟು ಸೆಖೆಯ ಕೋಣೆಯಲ್ಲಿ ಕಾಯಿಲ್‌ನ ಶಕ್ತಿಯ ದೊಡ್ಡ ಪಾಲು ಗಾಳಿಯಲ್ಲಿನ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ, ಥರ್ಮಾಮೀಟರಿನಲ್ಲಿ ವ್ಯತ್ಯಾಸ ಕಮ್ಮಿ ಕಾಣುತ್ತದೆ. ಮೆಷಿನ್ ಸರಿಯಾಗಿಯೇ ಇರುತ್ತದೆ. ಒಣಹವೆಯಲ್ಲಿ ಇದೇ ಮೆಷಿನ್ ದೊಡ್ಡ ವ್ಯತ್ಯಾಸ ತೋರಿಸುತ್ತದೆ. ಒಂದೇ ಸಂಖ್ಯೆ ಹಿಡಿದು ತೀರ್ಪು ಕೊಡುವವರು ಇಲ್ಲೇ ಜಾರುವುದು. ಹಾಗೆಯೇ ವ್ಯತ್ಯಾಸ ತೀರಾ ಹೆಚ್ಚಿದ್ದರೆ ಖುಷಿಪಡಬೇಡಿ. ಗಾಳಿ ಕಮ್ಮಿ ಹರಿಯುತ್ತಿದೆ ಎಂದರ್ಥ.

ಕರೆಂಟಿನ ಕಡೆಗೆ ಬರೋಣ. ಕ್ಲಾಂಪ್ ಮೀಟರ್ ಕೊಳ್ಳುವಾಗ ಟ್ರೂ ಆರ್‌ಎಂಎಸ್ ಇರುವುದನ್ನೇ ಕೊಳ್ಳಿ. ಇನ್ವರ್ಟರ್ ಯೂನಿಟ್‌ಗಳ ಅಂಕುಡೊಂಕು ಕರೆಂಟನ್ನು ಸಾದಾ ಮೀಟರ್ ಸರಿಯಾಗಿ ಓದುವುದಿಲ್ಲ. ಮೈಕ್ರೋಫ್ಯಾರಡ್, ಉಷ್ಣತೆ, ಡಿಸಿ ವೋಲ್ಟೇಜ್ ಮೂರೂ ಅದರಲ್ಲೇ ಇದ್ದರೆ ಬ್ಯಾಗ್ ಹಗುರ. ರನ್ ಕೆಪಾಸಿಟರನ್ನು ಬಿಚ್ಚದೆ, ಮೆಷಿನ್ ಓಡುತ್ತಿರುವಾಗಲೇ ಪರೀಕ್ಷಿಸುವ ಒಂದು ದಾರಿಯಿದೆ: ಕೆಪಾಸಿಟರಿನಿಂದ ಸ್ಟಾರ್ಟ್ ವೈಂಡಿಂಗಿಗೆ ಹೋಗುವ ತಂತಿಯ ಆಂಪಿಯರ್ ನೋಡಿ, ಕೆಪಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. 50 ಹರ್ಟ್ಸ್ ಸಪ್ಲೈ ಇದ್ದಲ್ಲಿ ಆಂಪಿಯರನ್ನು 3183ರಿಂದ ಗುಣಿಸಿ ಆ ವೋಲ್ಟೇಜಿನಿಂದ ಭಾಗಿಸಿ. 60 ಹರ್ಟ್ಸ್ ಆದರೆ 2652. ಉದಾಹರಣೆಗೆ 3.5 ಆಂಪಿಯರ್, 370 ವೋಲ್ಟ್ ಬಂದರೆ ಸುಮಾರು 30 ಮೈಕ್ರೋಫ್ಯಾರಡ್. ಮೇಲೆ 35 ಎಂದು ಬರೆದಿದ್ದರೆ ಬದಲಾಯಿಸುವುದೇ ಸರಿ. ಗಮನವಿರಲಿ, ಅಲ್ಲಿನ ವೋಲ್ಟೇಜ್ ಸಪ್ಲೈಗಿಂತ ಹೆಚ್ಚಿರುತ್ತದೆ.

ಕೆಪಾಸಿಟರನ್ನು ಸ್ಕ್ರೂಡ್ರೈವರ್ ಅಡ್ಡ ಹಿಡಿದು ‘ಟಪ್’ ಅನ್ನಿಸುವ ಚಪಲ ಬೇಡ. ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ. ಇನ್ವರ್ಟರ್ ಬೋರ್ಡ್‌ನಲ್ಲಿ 230 ವೋಲ್ಟ್ ಎಸಿ ತಿರುಗಿ ಸುಮಾರು 320 ವೋಲ್ಟ್ ಡಿಸಿಯಾಗಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲವು ನಿಮಿಷ ಉಳಿದಿರುತ್ತದೆ. ಕಾಯಿರಿ, ಆಮೇಲೆ ಮೀಟರ್ ಇಟ್ಟು ಇಳಿದಿದೆ ಎಂದು ಕಣ್ಣಾರೆ ನೋಡಿ, ನಂತರ ಮುಟ್ಟಿ. ಕರೆಂಟ್ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳುವ ಕ್ರಮವೂ ಒಂದಿದೆ: ಮೊದಲು ಕರೆಂಟ್ ಇರುವ ಕಡೆ ಮೀಟರ್ ತೋರಿಸುತ್ತದೆಯೇ ನೋಡಿ, ನಂತರ ನಿಮ್ಮ ಯೂನಿಟ್, ಮತ್ತೆ ಕರೆಂಟ್ ಇರುವ ಕಡೆ. ನಡುವೆ ಮೀಟರಿನ ತಂತಿಯೇ ತುಂಡಾಗಿದ್ದರೆ ಇದರಿಂದ ಗೊತ್ತಾಗುತ್ತದೆ. ಐಸೊಲೇಟರಿಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಳ್ಳಿ. ‘ಯಾರೂ ಆನ್ ಮಾಡಬೇಡಿ’ ಅನ್ನುವ ಕೂಗು ಬೀಗವಲ್ಲ.

ಇನ್ನೊಂದು ಮಾತು, ಇದು ತರಗತಿಯಲ್ಲಿ ಅಪರೂಪಕ್ಕೆ ಹೇಳುವಂಥದ್ದು. ಕಂಪ್ರೆಸರ್ ವ್ಯಾಕ್ಯೂಮ್‌ನಲ್ಲಿದ್ದಾಗ ಅದಕ್ಕೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಬೇಡಿ, ಕರೆಂಟನ್ನೂ ಕೊಡಬೇಡಿ. ವಿರಳವಾದ ಆ ಒಳಗಾಳಿಯಲ್ಲಿ ಟರ್ಮಿನಲ್‌ಗಳ ನಡುವೆ ಕಿಡಿ ಹಾರುವುದು ಸುಲಭ. ಒಳ್ಳೆಯ ವೈಂಡಿಂಗ್ ನಿಮ್ಮ ಕೈಯಲ್ಲೇ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಸರ್ಕ್ಯೂಟ್ ಮೇಲೇ ಬಂದರೆ ಗೇಜ್ ತನ್ನಿ. ಆಗಲೂ ಒತ್ತಡ ಒಂದನ್ನೇ ಓದಿ ಏನೂ ಹೇಳಲಾಗದು. ಒತ್ತಡಕ್ಕೆ ಹೊಂದುವ ಸ್ಯಾಚುರೇಶನ್ ಉಷ್ಣತೆ (ಆ ಒತ್ತಡದಲ್ಲಿ ರೆಫ್ರಿಜರೆಂಟ್ ಕುದಿಯುವ ಉಷ್ಣತೆ), ಪೈಪಿನ ನಿಜವಾದ ಉಷ್ಣತೆ, ಇವೆರಡರ ಅಂತರ ಬೇಕು. ಸಕ್ಷನ್ ಲೈನಿನಲ್ಲಿ ಆ ಅಂತರ ಸೂಪರ್‌ಹೀಟ್, ಲಿಕ್ವಿಡ್ ಲೈನಿನಲ್ಲಿ (ಕಂಡೆನ್ಸರಿನಿಂದ ದ್ರವ ಹೊರಬರುವ ಪೈಪಿನಲ್ಲಿ) ಸಬ್‌ಕೂಲಿಂಗ್. ಆರ್-410ಎ ಯೂನಿಟ್‌ನ ಸಕ್ಷನ್ 8.3 ಬಾರ್ ಗೇಜ್ ತೋರಿಸಿದರೆ ಅದು ಸುಮಾರು 5 ಡಿಗ್ರಿ. ಪೈಪ್ 12 ಡಿಗ್ರಿ ಇದ್ದರೆ ಸೂಪರ್‌ಹೀಟ್ 7. ನೆಮ್ಮದಿಯ ಸಂಖ್ಯೆ.

ಈಗ ಸಕ್ಷನ್ ಒತ್ತಡ ಕಮ್ಮಿ ಇರುವ ಮೂರು ಯೂನಿಟ್ ನಿಮ್ಮೆದುರಿಗಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಸೂಪರ್‌ಹೀಟ್ 20 ಡಿಗ್ರಿ, ಸಬ್‌ಕೂಲಿಂಗ್ ಹತ್ತಿರ ಹತ್ತಿರ ಸೊನ್ನೆ: ಗ್ಯಾಸ್ ಕಮ್ಮಿ, ಸೋರಿಕೆ ಹುಡುಕಿ. ಎರಡನೆಯದರಲ್ಲಿ ಸೂಪರ್‌ಹೀಟ್ 20, ಆದರೆ ಸಬ್‌ಕೂಲಿಂಗ್ ಚೆನ್ನಾಗಿಯೇ ಇದೆ, ಬಹುಶಃ ಬೇಕಾದ್ದಕ್ಕಿಂತ ಹೆಚ್ಚೇ ಇದೆ: ದ್ರವ ಕಂಡೆನ್ಸರಿನಲ್ಲಿ ನಿಂತಿದೆ, ದಾರಿಯಲ್ಲಿ ಡ್ರೈಯರೋ (ತೇವ, ಕಸ ಹಿಡಿಯುವ ಫಿಲ್ಟರ್) ಕ್ಯಾಪಿಲರಿಯೋ (ದ್ರವದ ಒತ್ತಡ ಇಳಿಸುವ ಸಣ್ಣ ಕೊಳವೆ) ಎಕ್ಸ್‌ಪಾನ್ಶನ್ ವಾಲ್ವೋ ಕಟ್ಟಿಕೊಂಡಿದೆ. ಡ್ರೈಯರಿನ ಎರಡೂ ತುದಿಗೆ ಕ್ಲಾಂಪ್ ಹಾಕಿ. ನಡುವೆ ಉಷ್ಣತೆ ಇಳಿದಿದ್ದರೆ ಕಟ್ಟಿಕೊಂಡಿರುವುದು ಅದೇ. ಮೂರನೆಯದರಲ್ಲಿ ಸೂಪರ್‌ಹೀಟ್ ಬರೀ 1 ಅಥವಾ 2: ಗ್ಯಾಸ್ ಸಾಕಷ್ಟಿದೆ, ಇಂಡೋರ್ ಕಾಯಿಲಿಗೆ ಗಾಳಿ ಇಲ್ಲ. ಮೂರೂ ಗೇಜಿನಲ್ಲಿ ಒಂದೇ ತರಹ ಕಾಣುತ್ತವೆ. ಮೂರನೆಯದಕ್ಕೆ ಗ್ಯಾಸ್ ತುಂಬಿಸಿದವರು ಕಂಪ್ರೆಸರಿಗೆ ದ್ರವ ಕುಡಿಸುತ್ತಿದ್ದಾರೆ, ಅದು ಎಣ್ಣೆಯನ್ನು ತೊಳೆದು ಬೇರಿಂಗನ್ನು ತಿನ್ನುತ್ತದೆ. ಎರಡನೆಯದಕ್ಕೆ ತುಂಬಿಸಿದವರು ಹೆಡ್ ಪ್ರೆಶರ್ (ಕಂಡೆನ್ಸರ್ ಕಡೆಯ ಒತ್ತಡ) ಏರಿಸುತ್ತಿದ್ದಾರೆ.

ನಿಮ್ಮ ಸೀನಿಯರ್‌ಗಳ ಕೈಗೆ ಬೆಲೆಯಿಲ್ಲ ಅಂತಲ್ಲ. ವರ್ಷಗಟ್ಟಲೆ ಒಂದೇ ಬಗೆಯ ಆರ್-22 ಮೆಷಿನ್ ಮುಟ್ಟಿದ ಕೈಗೆ ಪೈಪ್ ‘ಬಿಯರ್ ಬಾಟಲಿಯಷ್ಟು ತಣ್ಣಗೆ’ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಕೈಗೆ ಸಿಗುವುದು ಪೈಪಿನ ಉಷ್ಣತೆ ಒಂದೇ. ಒಳಗಿನ ಸ್ಯಾಚುರೇಶನ್ ಉಷ್ಣತೆ ಸಿಗುವುದಿಲ್ಲ. ವೇಗ ಏರಿಳಿಸುವ ಇನ್ವರ್ಟರ್ ಕಂಪ್ರೆಸರ್ ಬಂದ ಮೇಲಂತೂ ಐದು ನಿಮಿಷದ ಹಿಂದೆ ಮುಟ್ಟಿದ ಪೈಪ್ ಈಗ ಬೇರೆಯೇ ಆಗಿರುತ್ತದೆ. ಎಲ್ಲರೆದುರು ಅವರನ್ನು ತಿದ್ದಲು ಹೋಗಬೇಡಿ. ಅವರು ಮುಟ್ಟಿ ಹೇಳಲಿ, ನೀವು ಕ್ಲಾಂಪ್ ಹಾಕಿ ಬರೆದುಕೊಳ್ಳಿ. ಕೆಲ ಕಾಲ ಹೀಗೆ ನಡೆದರೆ ಅವರೇ ‘ಎಷ್ಟು ತೋರಿಸ್ತಾ ಇದೆ?’ ಎಂದು ಕೇಳುತ್ತಾರೆ.

ಸೋರಿಕೆ ಖಚಿತವಾದರೆ ಗ್ಯಾಸ್ ಸೇರಿಸಿ ಬರುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಎಣ್ಣೆಯ ಕಲೆ ಇರುವಲ್ಲಿ ಮೊದಲು ನೋಡಿ, ರೆಫ್ರಿಜರೆಂಟ್ ಸೋರುವಾಗ ಜೊತೆಗೆ ಎಣ್ಣೆಯನ್ನೂ ತರುತ್ತದೆ. ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರನ್ನು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ನಿಧಾನಕ್ಕೆ, ಜಾಯಿಂಟಿನ ಕೆಳಭಾಗದಲ್ಲಿ ಎಳೆಯಿರಿ. ಈ ಗ್ಯಾಸ್‌ಗಳು ಗಾಳಿಗಿಂತ ಭಾರ. ಡಿಟೆಕ್ಟರ್ ಜಾಗ ತೋರಿಸುತ್ತದೆ, ಸೋಪಿನ ನೊರೆ ಸಾಕ್ಷಿ ಹೇಳುತ್ತದೆ. ಎರಡೂ ಬೇಕು.

ಪ್ರೆಶರ್ ಟೆಸ್ಟಿಗೆ ಒಣ ನೈಟ್ರೋಜನ್ ಮಾತ್ರ, ಅದೂ ರೆಗ್ಯುಲೇಟರ್ ಮೂಲಕ, ನೇಮ್‌ಪ್ಲೇಟ್‌ನಲ್ಲಿರುವ ಗರಿಷ್ಠ ಒತ್ತಡ ಮೀರದಂತೆ. ಆಕ್ಸಿಜನ್ ಎಂದೆಂದಿಗೂ ಬೇಡ: ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಯನ್ನು ಸೇರಿದರೆ ಸ್ಫೋಟ. ರಾತ್ರಿಯಿಡೀ ನಿಲ್ಲಿಸಿದ ಟೆಸ್ಟಿನಲ್ಲಿ ಒತ್ತಡ ಇಳಿದಿದ್ದರೆ ಗಾಬರಿಗೆ ಮುಂಚೆ ಉಷ್ಣತೆಯ ಲೆಕ್ಕ ಮಾಡಿ. 30 ಡಿಗ್ರಿಯಲ್ಲಿ 35 ಬಾರ್ ಇಟ್ಟಿದ್ದೀರಿ, ಬೆಳಿಗ್ಗೆ 20 ಡಿಗ್ರಿ ಆಗಿದೆ. ವಾತಾವರಣದ 1 ಬಾರ್ ಸೇರಿಸಿ 36, ಅದನ್ನು 293ರಿಂದ ಗುಣಿಸಿ 303ರಿಂದ ಭಾಗಿಸಿದರೆ 34.8, ಮತ್ತೆ 1 ಕಳೆದರೆ 33.8. ಅಂದರೆ 1.2 ಬಾರ್ ಇಳಿತ ಸೋರಿಕೆಯೇ ಅಲ್ಲ. ಅದಕ್ಕಿಂತ ಕೆಳಗೆ ಹೋಗಿದ್ದರೆ ಮಾತ್ರ ಹುಡುಕಬೇಕು. ಟೆಸ್ಟ್ ಶುರುಮಾಡುವಾಗ ಒತ್ತಡದ ಪಕ್ಕದಲ್ಲೇ ಉಷ್ಣತೆ ಬರೆಯದಿದ್ದರೆ ಈ ಲೆಕ್ಕ ಮಾಡಲಿಕ್ಕಾಗುವುದಿಲ್ಲ.

ಬ್ರೇಜಿಂಗ್ (ಜ್ವಾಲೆಯಿಂದ ಪೈಪಿನ ಬೆಸುಗೆ) ಮಾಡುವಾಗಲೂ ಅದೇ ನೈಟ್ರೋಜನ್ ಪೈಪಿನೊಳಗೆ ಮೆಲ್ಲಗೆ ಹರಿಯುತ್ತಿರಲಿ, ಇನ್ನೊಂದು ತುದಿ ತೆರೆದಿರಲಿ. ಹರಿಸದಿದ್ದರೆ ಪೈಪಿನ ಒಳಗೋಡೆಯಲ್ಲಿ ಕಪ್ಪು ತಾಮ್ರದ ಆಕ್ಸೈಡ್ ಪದರ ಕಟ್ಟುತ್ತದೆ, ಹೊಸ ರೆಫ್ರಿಜರೆಂಟ್ ಮತ್ತು ಎಣ್ಣೆ ಅದನ್ನು ತೊಳೆದು ತಂದು ಸ್ಟ್ರೈನರಿನಲ್ಲಿ, ವಾಲ್ವಿನ ಬಾಯಲ್ಲಿ ಕೂರಿಸುತ್ತವೆ. ಆರು ತಿಂಗಳ ನಂತರ ಬರುವ ‘ವಾಲ್ವ್ ಹೋಗಿದೆ’ ದೂರಿನ ಬೇರು ಹಲವು ಸಲ ಇಲ್ಲಿರುತ್ತದೆ. ತಾಮ್ರಕ್ಕೆ ತಾಮ್ರ ಸೇರಿಸುವಾಗ ರಂಜಕ ಇರುವ ರಾಡಿಗೆ ಫ್ಲಕ್ಸ್ ಬೇಡ. ತಾಮ್ರಕ್ಕೆ ಉಕ್ಕು ಸೇರಿಸುವಾಗ ಆ ರಾಡೇ ಬೇಡ, ಬೆಳ್ಳಿ ರಾಡ್ ಮತ್ತು ಫ್ಲಕ್ಸ್ ಬಳಸಿ. ಗ್ಯಾಸ್ ಪೂರ್ತಿ ರಿಕವರಿ ಆಗದೆ (ಅದನ್ನು ಸಿಲಿಂಡರಿಗೆ ಎಳೆದು ತೆಗೆಯದೆ) ಜ್ವಾಲೆ ಹಚ್ಚಬೇಡಿ, ಬೆಂಕಿಗೆ ಸಿಕ್ಕ ಫ್ಲೋರಿನ್ ರೆಫ್ರಿಜರೆಂಟ್‌ನಿಂದ ಬರುವ ಹೊಗೆ ವಿಷ.

ಪೈಪ್ ಕತ್ತರಿಸಿ ಬರ್ (ಅಂಚಿನಲ್ಲಿ ಉಳಿದ ಒರಟು ಚೂರು) ತೆಗೆಯುವಾಗ ಬಾಯಿ ಕೆಳಮುಖವಾಗಿರಲಿ, ಚೂರುಗಳು ಒಳಗೆ ಬೀಳದಂತೆ. ಫ್ಲೇರ್ ನಟ್‌ಗೆ ಟಾರ್ಕ್ ರೆಂಚ್ ದುಬಾರಿ ಶೋಕಿಯೇನಲ್ಲ. 1/4 ಇಂಚಿಗೆ ಸುಮಾರು 15-17, 3/8 ಇಂಚಿಗೆ 35-40, 1/2 ಇಂಚಿಗೆ 50-60 ನ್ಯೂಟನ್ ಮೀಟರ್ ಸಾಮಾನ್ಯ, ತಯಾರಕರ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಸರಿ. ಬಲವಾದ ಕೈಯಿರುವವರು ಸಣ್ಣ ನಟ್ಟನ್ನು ಹೆಚ್ಚು ಬಿಗಿದು ಸೀಳುತ್ತಾರೆ, ದೊಡ್ಡದನ್ನು ಕಮ್ಮಿ ಬಿಗಿದು ಸೋರಿಸುತ್ತಾರೆ.

ವ್ಯಾಕ್ಯೂಮ್ ವಿಷಯದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ನಿಮ್ಮ ಪ್ರಶ್ನೆಯ ಗಂಟು ಅಲ್ಲೇ ಇದೆ. ‘ಇಪ್ಪತ್ತು ನಿಮಿಷ’ ಅನ್ನುವುದು ಗಡಿಯಾರದ ಅಳತೆ. ವ್ಯಾಕ್ಯೂಮ್ ಅಳೆಯುವುದು ಮೈಕ್ರಾನ್‌ನಲ್ಲಿ, ಅಂದರೆ ಪಾದರಸದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. ಸಮುದ್ರಮಟ್ಟದ ವಾತಾವರಣದ ಒತ್ತಡ 7,60,000 ಮೈಕ್ರಾನ್. 20 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒತ್ತಡ 17,500 ಮೈಕ್ರಾನಿಗೆ ಇಳಿಯಬೇಕು. ಪೈಪಿನೊಳಗಿನ ತೇವವನ್ನು ಆವಿಮಾಡಿ ಎಳೆದು ಹಾಕುವುದೇ ಪಂಪಿನ ಕೆಲಸ, ಗಾಳಿ ತೆಗೆಯುವುದು ಅದರ ಸುಲಭದ ಭಾಗ. ಈಗ ನಿಮ್ಮ ಕಾಂಪೌಂಡ್ ಗೇಜ್ (ಒತ್ತಡ, ವ್ಯಾಕ್ಯೂಮ್ ಎರಡನ್ನೂ ತೋರಿಸುವ ಗೇಜ್) ನೋಡಿ: 25,000 ಮೈಕ್ರಾನಿಗೂ 500 ಮೈಕ್ರಾನಿಗೂ ನಡುವಿನ ವ್ಯತ್ಯಾಸ ಅದರ 30 ಇಂಚಿನ ಅಳತೆಯಲ್ಲಿ ಒಂದು ಇಂಚೂ ಇಲ್ಲ. ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಒಂದರಲ್ಲಿ ನೀರು ಹಾಯಾಗಿ ದ್ರವವಾಗಿ ಕೂತಿರಬಹುದು, ಇನ್ನೊಂದರಲ್ಲಿ ಸಿಸ್ಟಮ್ ಒಣಗಿದೆ. ಆದ್ದರಿಂದ ಮೈಕ್ರಾನ್ ಗೇಜ್ ಇಲ್ಲದವರಿಗೆ ವ್ಯಾಕ್ಯೂಮ್ ಆಯಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ಗುರಿ 500 ಮೈಕ್ರಾನಿಗಿಂತ ಕೆಳಗೆ. ಗೇಜನ್ನು ಪಂಪಿನ ಬಳಿ ಹಾಕಬೇಡಿ, ಅಲ್ಲಿ ಅದು ಪಂಪನ್ನೇ ಹೊಗಳುತ್ತದೆ. ಸಿಸ್ಟಮ್‌ನ ಪಕ್ಕದಲ್ಲಿ, ಪಂಪಿನಿಂದ ದೂರದ ತುದಿಯಲ್ಲಿ ಹಾಕಿ. ತಲುಪಿದ ಮೇಲೆ ವಾಲ್ವ್ ಮುಚ್ಚಿ ಪಂಪನ್ನು ಬೇರ್ಪಡಿಸಿ ಹತ್ತು ಹದಿನೈದು ನಿಮಿಷ ನೋಡುತ್ತಿರಿ. ಸಂಖ್ಯೆ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗಿನ್ನೂ ತೇವವಿದೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಮೊದಲು ನಿಮ್ಮ ಹೋಸ್‌ನ ವಾಷರ್ ಮೇಲೇ ಅನುಮಾನಪಡಿ. 500ರ ಆಸುಪಾಸಿನಲ್ಲೇ ನಿಂತರೆ ಕೆಲಸ ಮುಗಿಯಿತು. ಹೆಚ್ಚು ನೀರು ಸೇರಿದ ಸಿಸ್ಟಮ್‌ನಲ್ಲಿ ಒಂದೇ ಸಲ ಆಳಕ್ಕೆ ಎಳೆದರೆ 4,600 ಮೈಕ್ರಾನಿಗಿಂತ ಕೆಳಗೆ ನೀರು ಮಂಜುಗಡ್ಡೆಯಾಗಿ ಅಂಟಿಕೊಳ್ಳಬಹುದು, ಅದು ಆಮೇಲೆ ಬಹಳ ನಿಧಾನಕ್ಕೆ ಬಿಡುತ್ತದೆ. ನಡುವೆ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಮುರಿದು ಮತ್ತೆ ಎಳೆಯುವುದು ಇದಕ್ಕಾಗಿಯೇ.

ಪಂಪ್ ದೊಡ್ಡದು ಬೇಕು ಎಂದು ಹೊರಡುವ ಮೊದಲು ಹೋಸ್ ನೋಡಿ. ಆಳದ ವ್ಯಾಕ್ಯೂಮ್‌ನಲ್ಲಿ ಕೊಳವೆಯ ಒಳವ್ಯಾಸ ದುಪ್ಪಟ್ಟಾದರೆ ಹರಿವು ಕನಿಷ್ಠ ಎಂಟು ಪಟ್ಟಾಗುತ್ತದೆ. 1/4 ಇಂಚಿನ ಹೋಸ್ ಮತ್ತು ಮ್ಯಾನಿಫೋಲ್ಡಿನ ಸಂದುಗೊಂದುಗಳ ಮೂಲಕ ಎಳೆಯುವ ದೊಡ್ಡ ಪಂಪಿಗಿಂತ, 3/8 ಅಥವಾ 1/2 ಇಂಚಿನ ಗಿಡ್ಡ ಹೋಸ್‌ನಲ್ಲಿ ನೇರ ಎಳೆಯುವ ಸಣ್ಣ ಪಂಪ್ ಬೇಗ ಮುಗಿಸುತ್ತದೆ. ವಾಲ್ವ್ ಕೋರ್ ತೆಗೆಯುವ ಟೂಲ್‌ನಿಂದ ಪಿನ್ನುಗಳನ್ನು ತೆಗೆದುಬಿಡಿ; ಆ ಪುಟ್ಟ ಪಿನ್ ಇಡೀ ದಾರಿಗೆ ಅಡ್ಡ. ಈ ಟೂಲ್ ಬೆಲೆಗೆ ಹೋಲಿಸಿದರೆ ಉಳಿಸುವ ಸಮಯ ಬೇರೆ ಯಾವುದೂ ಉಳಿಸದು. ಪಂಪಿನ ಎಣ್ಣೆ ಹಾಲಿನಂತೆ ಮಬ್ಬಾಗಿದ್ದರೆ ಅದು ನೀರು ಕುಡಿದಿದೆ. ಬಿಸಿಯಿರುವಾಗಲೇ ಬಸಿದು ಹೊಸದು ಹಾಕಿ.

ಆರ್-410ಎ, ಆರ್-32, ಆರ್-134ಎ ಜೊತೆ ಬರುವ ಪಿಒಇ (ಪಾಲಿಯೋಲ್ ಎಸ್ಟರ್) ಬಗೆಯ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎಣ್ಣೆಯೊಳಗೆ ಸೇರಿದ ನೀರನ್ನು ವ್ಯಾಕ್ಯೂಮ್ ಸುಲಭಕ್ಕೆ ಬಿಡಿಸುವುದಿಲ್ಲ. ಪೈಪಿನ ತುದಿಗಳನ್ನು ಕೆಲಸದ ನಡುವೆಯೂ ಮುಚ್ಚಿಡಿ. ಡ್ರೈಯರಿನ ಸೀಲ್ ಒಡೆಯುವುದು ಕಟ್ಟಕಡೆಗೆ.

ಗ್ಯಾಸ್ ತುಂಬಲು ತೂಕದ ಯಂತ್ರ. ನೇಮ್‌ಪ್ಲೇಟಿನ ಗ್ರಾಂ, ಪೈಪ್ ಉದ್ದವಿದ್ದರೆ ಕೈಪಿಡಿ ಹೇಳಿದಷ್ಟು ಹೆಚ್ಚುವರಿ. ಇನ್ವರ್ಟರ್ ಯೂನಿಟ್‌ನಲ್ಲಿ ಒತ್ತಡ ನೋಡಿ ತುಂಬುವುದಂತೂ ಬರೀ ಊಹೆ. ಮಿಶ್ರಣದ ರೆಫ್ರಿಜರೆಂಟ್‌ಗಳನ್ನು ಸಿಲಿಂಡರಿನಿಂದ ದ್ರವವಾಗಿಯೇ ತೆಗೆಯಬೇಕು. ಆವಿಯಾಗಿ ತೆಗೆದರೆ ಬೇಗ ಆವಿಯಾಗುವ ಭಾಗ ಮೊದಲು ಹೊರಬಂದು ಮಿಶ್ರಣ ಕೆಡುತ್ತದೆ. ಆರ್-407ಸಿಯಲ್ಲಿ ಇದು ಮುಖ್ಯ, ಅದರ ಕುದಿಯುವ ಶುರು ಮತ್ತು ಕೊನೆಯ ನಡುವೆ 5ರಿಂದ 7 ಡಿಗ್ರಿ ಅಂತರ ಇರುತ್ತದೆ. ಸೂಪರ್‌ಹೀಟ್‌ಗೆ ಒತ್ತಡ-ಉಷ್ಣತೆ ಪಟ್ಟಿಯ ಡ್ಯೂ (ಕುದಿಯುವ ಕೊನೆಯ) ಕಾಲಂ, ಸಬ್‌ಕೂಲಿಂಗಿಗೆ ಬಬಲ್ (ಕುದಿಯುವ ಶುರುವಿನ) ಕಾಲಂ ನೋಡಬೇಕು. ರಿಕವರಿ ಸಿಲಿಂಡರಿಗೆ ದ್ರವ ಶೇ. 80ಕ್ಕಿಂತ ಹೆಚ್ಚು ತುಂಬಬೇಡಿ, ಯಾವ ಸಿಲಿಂಡರಿಗೂ ಟಾರ್ಚ್ ಹಿಡಿಯಬೇಡಿ.

ಉರಿಯುವ ಗ್ಯಾಸ್‌ಗಳು ಈಗ ದಿನನಿತ್ಯದ ಮಾತು. 2016ರ ಕಿಗಾಲಿ ತಿದ್ದುಪಡಿಯ (ಓಝೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದಕ್ಕೆ ಮಾಡಿದ ಬದಲಾವಣೆಯ) ನಂತರ ಹೆಚ್ಚು ಶಾಖ ಹಿಡಿದಿಡುವ ಗ್ಯಾಸ್‌ಗಳನ್ನು ಹಂತಹಂತವಾಗಿ ಇಳಿಸಲು ಜಗತ್ತು ಹೊರಟಿದೆ, ಹಾಗಾಗಿ ಆರ್-290 (ಪ್ರೊಪೇನ್), ಆರ್-32 ಹೆಚ್ಚುತ್ತಲೇ ಇವೆ. ಗಾಳಿಯಲ್ಲಿ ಶೇ. 2ರಷ್ಟು ಆರ್-290 ಸೇರಿದರೆ ಹೊತ್ತಿಕೊಳ್ಳಲು ಸಾಕು, ಆರ್-32ಕ್ಕೆ ಶೇ. 14ರಷ್ಟು ಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೆದರುವುದೂ ತಪ್ಪು, ಎರಡನ್ನೂ ಹಗುರವಾಗಿ ಕಾಣುವುದೂ ತಪ್ಪು. ಅದಕ್ಕೆಂದೇ ಮಾಡಿದ ರಿಕವರಿ ಮೆಷಿನ್, ಲೀಕ್ ಡಿಟೆಕ್ಟರ್ ಬೇಕು; ಕಿಟಕಿ ಬಾಗಿಲು ತೆರೆದಿರಲಿ, ಕೆಲಸದ ಜಾಗದಲ್ಲಿ ನೆಲಮಟ್ಟಕ್ಕೆ ಗ್ಯಾಸ್ ಅಲಾರಂ ಇರಲಿ. ಹಳೆಯ ಆರ್-22 ಮೆಷಿನ್ನಿಗೆ ಪ್ರೊಪೇನ್ ತುಂಬಿ ‘ಕೂಲಿಂಗ್ ಸೂಪರ್’ ಅನ್ನುವವರ ಸಹವಾಸ ಬೇಡ. ಆ ಮೆಷಿನ್ನಿನ ರಿಲೇ, ಸ್ವಿಚ್ ಯಾವುದೂ ಉರಿಯುವ ಗ್ಯಾಸಿಗೆಂದು ಮಾಡಿದ್ದಲ್ಲ, ಮುಂದೆ ಅದನ್ನು ತೆರೆಯುವವನಿಗೆ ಒಳಗೇನಿದೆ ಎಂಬುದೂ ಗೊತ್ತಿರುವುದಿಲ್ಲ.

ಕೊಂಡ ಮಾಪಕಗಳನ್ನು ಆಗಾಗ ಪರೀಕ್ಷಿಸಿ, ಇದಕ್ಕೆ ಲ್ಯಾಬ್ ಬೇಕಿಲ್ಲ. ಪುಡಿ ಐಸ್ ಮತ್ತು ನೀರು ಬೆರೆಸಿ ಕಲಕಿದ ಲೋಟದಲ್ಲಿ ಮುಳುಗಿಸಬಹುದಾದ ಪ್ರೋಬ್ ಸೊನ್ನೆ ತೋರಿಸಬೇಕು. ಎರಡು ಪೈಪ್ ಕ್ಲಾಂಪ್‌ಗಳನ್ನು ಒಂದೇ ಪೈಪಿನ ಮೇಲೆ ಅಕ್ಕಪಕ್ಕ ಹಾಕಿದರೆ ಅರ್ಧ ಡಿಗ್ರಿಗಿಂತ ಹೆಚ್ಚು ಜಗಳವಾಡಬಾರದು. ಒತ್ತಡದ ಗೇಜಿಗೆ, ರಾತ್ರಿಯಿಡೀ ನೆರಳಿನಲ್ಲಿಟ್ಟ ದ್ರವವಿರುವ ಸಿಲಿಂಡರೇ ಪರೀಕ್ಷಕ: ಕೋಣೆ 30 ಡಿಗ್ರಿ ಇದ್ದರೆ ಆರ್-134ಎ ಸುಮಾರು 6.7 ಬಾರ್, ಆರ್-410ಎ ಸುಮಾರು 17.8 ಬಾರ್ ತೋರಿಸಬೇಕು. ಇದೇ ತತ್ವದಿಂದ, ನಿಂತು ತಣ್ಣಗಾದ ಕಂಡೆನ್ಸರಿನ ಒತ್ತಡ ಹೊರಗಿನ ಉಷ್ಣತೆಗೆ ಹೊಂದುವುದಕ್ಕಿಂತ ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ ಎಂದು ತಿಳಿಯಬಹುದು. ಮೈಕ್ರಾನ್ ಗೇಜನ್ನು ನೇರ ಪಂಪಿಗೆ ಸಿಕ್ಕಿಸಿ. ನೂರರ ಕೆಳಗೆ ಇಳಿಯದಿದ್ದರೆ ಎಣ್ಣೆ, ವಾಷರ್ ಅಥವಾ ಗೇಜಿನ ಸೆನ್ಸರ್ ಕೊಳೆಯಾಗಿದೆ.

ಬರೆದಿಡುವ ಅಭ್ಯಾಸದ ಬಗ್ಗೆ ಎಲ್ಲರೂ ಹೇಳುತ್ತಾರೆ, ಏನು ಬರೆಯಬೇಕೆಂದು ಹೇಳುವುದಿಲ್ಲ. ಎರಡು ಒತ್ತಡ, ಎರಡು ಪೈಪಿನ ಉಷ್ಣತೆ, ಒಳಹೋಗುವ ಗಾಳಿಯ ಮತ್ತು ಹೊರಬರುವ ಗಾಳಿಯ ಉಷ್ಣತೆ, ಕೋಣೆಯ ತೇವಾಂಶ, ಹೊರಗಿನ ಉಷ್ಣತೆ, ವೋಲ್ಟೇಜ್, ಆಂಪಿಯರ್. ಇಷ್ಟು ಸಾಕು. ಗ್ಯಾಸ್ ಹಾಕಿದ್ದರೆ ಎಷ್ಟು ಗ್ರಾಂ, ಯಾವ ಗ್ಯಾಸ್, ಯಾವ ತಾರೀಖು ಅನ್ನುವುದನ್ನು ಪ್ಯಾನೆಲಿನ ಒಳಮೈಗೆ ಮಾರ್ಕರಿನಲ್ಲಿ ಬರೆಯಿರಿ. ಮುಂದಿನ ಸಲ ಬರುವವರು ನೀವೇ ಆಗಿರಬಹುದು. ವೈರ್ ಬಿಚ್ಚುವ ಮೊದಲು ಫೋಟೋ. ಯೂನಿಟ್ ಚೆನ್ನಾಗಿ ಓಡುತ್ತಿರುವಾಗ ಬರೆದಿಟ್ಟ ಸಂಖ್ಯೆಗಳು ಕೆಟ್ಟಾಗ ಬರೆದ ಸಂಖ್ಯೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ, ಹಾಗಾಗಿ ಕೆಲಸ ಮುಗಿದೊಡನೆ ಗಂಟು ಕಟ್ಟದೆ ಹದಿನೈದು ನಿಮಿಷ ಓಡಲು ಬಿಟ್ಟು ಕೊನೆಯ ಸಲ ಎಲ್ಲವನ್ನೂ ಓದಿಕೊಳ್ಳಿ.

ಕೊನೆಗೆ ಖರೀದಿ. ಮೊದಲ ಕಂತಿನಲ್ಲಿ ಕ್ಲಾಂಪ್ ಮೀಟರ್ ಮತ್ತು ಎರಡು ಪೈಪ್ ಥರ್ಮಾಮೀಟರ್, ಕೈಗವಸು ಮತ್ತು ಕನ್ನಡಕ. ಎರಡನೆಯದರಲ್ಲಿ ಮೈಕ್ರಾನ್ ಗೇಜ್, ವಾಲ್ವ್ ಕೋರ್ ಟೂಲ್, ದಪ್ಪ ವ್ಯಾಕ್ಯೂಮ್ ಹೋಸ್. ಮೂರನೆಯದರಲ್ಲಿ ತೂಕದ ಯಂತ್ರ ಮತ್ತು ಟಾರ್ಕ್ ರೆಂಚ್. ಪಂಪ್, ನೈಟ್ರೋಜನ್ ಸೆಟ್, ರಿಕವರಿ ಮೆಷಿನ್ ಸಾಮಾನ್ಯವಾಗಿ ಕೆಲಸ ಕೊಟ್ಟ ಕಡೆಯೇ ಇರುತ್ತವೆ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಡಿಜಿಟಲ್ ಮ್ಯಾನಿಫೋಲ್ಡ್ ಮಾಡುವುದು ಇಷ್ಟೇ: ಒತ್ತಡವನ್ನು ಉಷ್ಣತೆಗೆ ತಿರುಗಿಸಿ ಕಳೆಯುವ ಲೆಕ್ಕ ತಾನೇ ಮಾಡುತ್ತದೆ. ಒಳ್ಳೆಯ ಸಾದಾ ಗೇಜ್, ಎರಡು ಥರ್ಮಾಮೀಟರ್, ಫೋನಿನಲ್ಲಿ ಒಂದು ಪ್ರೆಶರ್-ಟೆಂಪರೇಚರ್ ಆ್ಯಪ್ ಇದ್ದರೆ ಅದೇ ಉತ್ತರ ಸಿಗುತ್ತದೆ, ಮತ್ತು ಶುರುವಿನಲ್ಲಿ ಆ ಕಳೆಯುವ ಲೆಕ್ಕವನ್ನು ನೀವೇ ಮಾಡುವುದು ಒಳ್ಳೆಯದು. ಒಂದೆರಡು ವರ್ಷ ಕಳೆದ ಮೇಲೆ ಕೊಳ್ಳುವುದಾದರೆ ಮ್ಯಾನಿಫೋಲ್ಡ್ ಬಿಟ್ಟು ಹೋಸ್ ಇಲ್ಲದೆ ನೇರ ವಾಲ್ವಿಗೆ ಕೂರುವ ವೈರ್‌ಲೆಸ್ ಪ್ರೋಬ್‌ಗಳನ್ನೇ ನೋಡಿ: ಹೋಸ್ ಇಲ್ಲ, ಹಾಗಾಗಿ ಪ್ರತಿ ಸಲ ಕಳೆದುಹೋಗುವ ಗ್ಯಾಸ್ ಕೂಡ ಹತ್ತಿರ ಹತ್ತಿರ ಇಲ್ಲ.